21ರಿಂದ 18: ಎರಡು ಪಾಠಗಳ ವಿಮರ್ಶೆ

ಕಳೆದ ಮಳೆಗಾಲದಲ್ಲಿ ಒಂದೇ ವಿಷಯದ ಮೇಲಿನ ಎರಡು ಪಾಠಗಳನ್ನು ಮಕ್ಕಳ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳುವ ಸಂದರ್ಭ ನಮಗೆ ಒದಗಿತು. ಒಂದು ನಾಸಿಕದಲ್ಲಿ, ಇನ್ನೊಂದು ಛತ್ರಪತಿ ಸಂಭಾಜಿನಗರದಲ್ಲಿ. ಎರಡೂ ಕಡೆ ಕೇಳಿದವರು ನಮ್ಮ ಕನ್ನಡ ಕುಟುಂಬಗಳ ಎಂಟರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳು. ವಿಷಯ, ನಮ್ಮ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದ ಬಗೆ. ಪುಸ್ತಕ, ನಾಟಕ, ಗಾಯನ ಇವುಗಳ ವಿಮರ್ಶೆ ಈ ಪುಟಗಳಲ್ಲಿ ಆಗಾಗ ಬರುವುದುಂಟು. ಪಾಠವೊಂದರ ವಿಮರ್ಶೆ ಬಂದದ್ದು ಕಡಿಮೆ. ನಾಟಕ ಕೆಟ್ಟರೆ ನಮ್ಮದೊಂದು ಸಂಜೆ ಹಾಳಾಗುತ್ತದೆ, ಅಷ್ಟೆ. ಪಾಠ ಕೆಟ್ಟರೆ ಹೋಗುವುದು ಮಕ್ಕಳದು. ಆದ್ದರಿಂದ ಇದನ್ನೂ ಬರೆಯತಕ್ಕದ್ದೆಂದು ನಮಗೆ ತೋರಿತು.

ನಾವು ಅಧ್ಯಾಪಕರಲ್ಲ. ವಿಜ್ಞಾನದಲ್ಲಿ ಪದವಿ ಪಡೆದು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುತ್ತಿರುವವರು. ಬಂದ ಕಾಗದವನ್ನು ಓದುವುದು, ಹಿಂದಿನ ಕಾಗದದೊಂದಿಗೆ ತಾಳೆ ನೋಡುವುದು, ಷರಾ ಬರೆದು ಮೇಲಕ್ಕೆ ಕಳಿಸುವುದು ನಮ್ಮ ನಿತ್ಯದ ಕೆಲಸ. ಆ ಅಭ್ಯಾಸದ ಕಣ್ಣಿಗೆ ಕಂಡದ್ದನ್ನಷ್ಟೇ ಇಲ್ಲಿ ಹೇಳುತ್ತೇವೆ.

ಮೊದಲು ನಾಸಿಕದ ಪಾಠ. ಹೇಳಿದವರು ಕಾಲೇಜಿನಲ್ಲಿ ಕಲಿಸುವ ಉತ್ಸಾಹಿ ತರುಣರು. ಕಂಠ ಚೆನ್ನಾಗಿತ್ತು, ಕನ್ನಡ ಶುದ್ಧವಾಗಿತ್ತು. ಗೋಡೆಗೆ ತೂಗುಹಾಕಿದ ಪಟದಲ್ಲಿ 21ನ್ನು ಕೆಂಪು ಗೀಟಿನಿಂದ ಹೊಡೆದು, 18ನ್ನು ಹಸಿರು ಬಣ್ಣದಲ್ಲಿ ದೊಡ್ಡದಾಗಿ ಬರೆದಿದ್ದರು. ಸಂವಿಧಾನದ 61ನೆಯ ತಿದ್ದುಪಡಿ, 1989, ಯುವಜನರಿಗೆ ಸರ್ಕಾರ ಕೊಟ್ಟ ಹಕ್ಕು. ಇಷ್ಟನ್ನು ಮೂರು ಸಲ ಹೇಳಿದರು, ಮಕ್ಕಳಿಂದ ಮೂರು ಸಲ ಹೇಳಿಸಿದರು. ಅರ್ಧ ಗಂಟೆಯಲ್ಲಿ ಪಾಠ ಮುಗಿದು ಅವಲಕ್ಕಿ ಬಂತು. ಹೇಳಿದ ಸಂಗತಿಯಲ್ಲಿ ತಪ್ಪೇನೂ ಇರಲಿಲ್ಲ ಎಂಬುದನ್ನು ಮೊದಲೇ ಒಪ್ಪಿಬಿಡುತ್ತೇವೆ.

ಅವಲಕ್ಕಿಯ ನಡುವೆ ಪಕ್ಕದಲ್ಲಿದ್ದ ಹುಡುಗನನ್ನು, "ವಯಸ್ಸು ಇಳಿಸಿದ್ದು ಯಾಕಪ್ಪಾ?" ಎಂದು ಕೇಳಿದೆವು. "ಯುವಕರಿಗೆ ಅವಕಾಶ ಕೊಡಲಿಕ್ಕೆ," ಎಂದ. "ಹಾಗಾದರೆ ಅದಕ್ಕೂ ಮೊದಲು ನಲವತ್ತು ವರ್ಷ ಯಾಕೆ ಕೊಡಲಿಲ್ಲ?" ಹುಡುಗ ಸುಮ್ಮನಾದ. ಅವನ ಅಕ್ಕ ಅವನ ನೆರವಿಗೆ ಬಂದು, "ಅದು ಪರೀಕ್ಷೆಗೆ ಬರೂದಿಲ್ಲರೀ ಕಾಕಾ," ಎಂದಳು.

ಆ ಹುಡುಗಿಯ ಮಾತಿನಲ್ಲಿ ಕುಹಕವಿರಲಿಲ್ಲ, ನಿಜವಿತ್ತು. ನಮ್ಮ ಮಕ್ಕಳು ಶಾಲೆಯಲ್ಲಿ ಪೌರನೀತಿಯನ್ನು ಕಲಿಯುವುದೇ ಹೀಗೆ. ಗೈಡಿನಲ್ಲಿ ಒಂದು ಸಾಲು, ಖಾಲಿ ಬಿಟ್ಟ ಸ್ಥಳ ತುಂಬುವ ಒಂದು ಪ್ರಶ್ನೆ, ಒಂದು ಅಂಕ. ನಾವು ಬಿ.ಎಸ್‌ಸಿ. ಓದುವಾಗ ಆಮ್ಲದಲ್ಲಿ ನೀಲಿ ಲಿಟ್ಮಸ್ ಕೆಂಪಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿ ಬಿಟ್ಟಿದ್ದರೆ ನಮ್ಮ ಗುರುಗಳು ಜರ್ನಲ್ಲಿಗೆ ಸಹಿ ಹಾಕುತ್ತಿರಲಿಲ್ಲ. ಕಾಗದವನ್ನು ಅದ್ದಿ, ಬಣ್ಣ ತಿರುಗಿದ್ದನ್ನು ನೋಡಿ, ನೋಡಿದ್ದನ್ನು ಬರೆಯಬೇಕಾಗಿತ್ತು. ರಾಜ್ಯಶಾಸ್ತ್ರಕ್ಕೆ ಮಾತ್ರ ಪ್ರಯೋಗಶಾಲೆ ಬೇಡವೆಂದು ಯಾರು ಹೇಳಿದರೋ ತಿಳಿಯದು. ಅಲ್ಲಿಯೂ ಅದ್ದಿ ನೋಡಬಹುದಾದ ಕಾಗದಗಳಿವೆ. ಅದನ್ನು ನಾವು ಕಂಡದ್ದು ಎರಡನೆಯ ಪಾಠದಲ್ಲಿ.

ನಮ್ಮ ಮಗಳು ಸಂಭಾಜಿನಗರದ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಆದ್ದರಿಂದ ತಿಂಗಳಿಗೊಮ್ಮೆ ನಾಸಿಕ ರೋಡಿನಲ್ಲಿ ತಪೋವನ ಎಕ್ಸ್‌ಪ್ರೆಸ್ ಹತ್ತಿ, ಮನ್ಮಾಡ ದಾಟಿ ಅಲ್ಲಿಗೆ ಹೋಗುವುದು ರೂಢಿಯಾಗಿದೆ. ನಾವೆಲ್ಲ ಔರಂಗಾಬಾದ್ ಎಂದೇ ಕರೆದು ಬೆಳೆದ ಆ ಊರಿನ ಹೆಸರು ಬದಲಾದದ್ದು 2023ರಲ್ಲಿ. ಅಲ್ಲಿಯ ಕನ್ನಡ ಬಂಧುಗಳು ರವಿವಾರ ನಡೆಸುವ ಮಕ್ಕಳ ವರ್ಗಕ್ಕೆ ಮಗಳೂ ಸಹಾಯಕ್ಕೆ ಹೋಗುತ್ತಾಳೆ. ಪಾಠ ಹೇಳುವವರು ಕಲಬುರ್ಗಿ ಸೀಮೆಯಿಂದ ಬಂದು ನೆಲೆಸಿದ ನಿವೃತ್ತ ಅಧ್ಯಾಪಕಿ. ಅಂದು ಆ ತಾಯಿ ಪಟ ತಂದಿರಲಿಲ್ಲ. ಮೇಜಿನ ಮೇಲೆ ಐದು ಕಾಗದಗಳ ಝೆರಾಕ್ಸ್ ಪ್ರತಿಗಳನ್ನು ಹರಡಿ, "ಇವತ್ತು ನಾ ಏನೂ ಹೇಳಂಗಿಲ್ಲ. ನೀವೇ ಓದ್ರಿ, ನೀವೇ ಕೇಳ್ರಿ," ಎಂದು ಕುರ್ಚಿಯ ಮೇಲೆ ಕುಳಿತುಬಿಟ್ಟರು.

ಐದು ಕಾಗದಗಳು ಇವು. ಒಂದು, 1950ರಲ್ಲಿ ಜಾರಿಗೆ ಬಂದ ಸಂವಿಧಾನದ 326ನೆಯ ಅನುಚ್ಛೇದ, ಮೂಲದಲ್ಲಿದ್ದಂತೆ. ಎರಡು, ಅದೇ ಅನುಚ್ಛೇದ, ಇಂದು ಇರುವಂತೆ. ಮೂರು, ವಯಸ್ಸನ್ನು ಇಳಿಸಲು ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಮತ್ತು ಅದರೊಡನಿದ್ದ ಉದ್ದೇಶ ಹಾಗೂ ಕಾರಣಗಳ ಹೇಳಿಕೆ. ನಾಲ್ಕು, 1875ರ ಇಂಡಿಯನ್ ಮೆಜಾರಿಟಿ ಆ್ಯಕ್ಟ್, ಎಂದರೆ ಮನುಷ್ಯ ಯಾವಾಗ ಪ್ರಾಯಕ್ಕೆ ಬಂದವನೆಂದು ಹೇಳುವ ಕಾಯಿದೆ. ಐದು, ಆ ಅಧ್ಯಾಪಕಿಯ ಸ್ವಂತ ಶಾಲೆ ಬಿಟ್ಟ ದಾಖಲೆ.

ಮಕ್ಕಳು ಮೊದಲ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರು. ಒಂದರಲ್ಲಿ ಇಪ್ಪತ್ತೊಂದು ವರ್ಷ, ಇನ್ನೊಂದರಲ್ಲಿ ಹದಿನೆಂಟು ವರ್ಷ. ಎರಡನೆಯದರಲ್ಲಿ ಆ ಪದದ ತಲೆಯ ಮೇಲೆ ಸಣ್ಣದೊಂದು ಅಂಕಿ, ಪುಟದ ಕೆಳಗೆ ಅದಕ್ಕೊಂದು ಅಡಿಟಿಪ್ಪಣಿ: 61ನೆಯ ತಿದ್ದುಪಡಿ ಕಾಯಿದೆಯಿಂದ ಬದಲಾದದ್ದು, 28-3-1989ರಿಂದ ಜಾರಿ. ಎಲ್ಲರೂ ಪರೀಕ್ಷೆಗೆ ಬಾಯಿಪಾಠ ಮಾಡುವ ಸಂಗತಿ ಇಡಿಯಾಗಿ ಆ ಅಡಿಟಿಪ್ಪಣಿಯಲ್ಲಿದೆ. ಆದರೆ ಮೂರನೆಯ ಕಾಗದ ತೆಗೆದ ಹುಡುಗನೊಬ್ಬ ಕೂಡಲೇ ತಡೆದ. "ಟೀಚರ್, ಇದರೊಳಗ 62 ಅಂತ ಅದ. ತಪ್ಪು ತಂದೀರಿ."

ತಪ್ಪಾಗಿರಲಿಲ್ಲ. ಸಂಸತ್ತಿನಲ್ಲಿ ಅದು ಮಂಡನೆಯಾದದ್ದು 62ನೆಯ ತಿದ್ದುಪಡಿ ಮಸೂದೆಯೆಂದೇ. ಮಸೂದೆಯ ಸಂಖ್ಯೆ ಮಂಡಿಸಿದ ಸರದಿಯದು, ಕಾಯಿದೆಯ ಸಂಖ್ಯೆ ಕಾಯಿದೆಯಾದ ಸರದಿಯದು. ನಮ್ಮ ಕಚೇರಿಯಲ್ಲಿ ಆವಕ ಸಂಖ್ಯೆ ಬೇರೆ, ಜಾವಕ ಸಂಖ್ಯೆ ಬೇರೆ ಇರುವಂತೆಯೇ ಇದೂ. ಗೈಡಿನ ಒಂದು ಸಾಲಿನಲ್ಲಿ ಈ ಪ್ರಶ್ನೆ ಹುಟ್ಟುವ ಸಂಭವವೇ ಇಲ್ಲ. ಮೂಲ ಕಾಗದ ಕೈಗೆ ಬಂದ ಐದು ನಿಮಿಷಕ್ಕೆ ಹದಿಮೂರು ವರ್ಷದ ಹುಡುಗ ಅದನ್ನು ಹಿಡಿದ.

ಅದೇ ಕಾಗದದ ಕೊನೆಯಲ್ಲಿ ಸಹಿ ಮಾಡಿದವರ ಹೆಸರು ಓದಿ ನಮಗೇ ಹಿಗ್ಗಾಯಿತೆಂದು ಹೇಳಲು ಸಂಕೋಚವಿಲ್ಲ. ಬಿ. ಶಂಕರಾನಂದ, ಹೊಸದಿಲ್ಲಿ, 13 ಡಿಸೆಂಬರ್ 1988. ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಕ್ಷೇತ್ರದಿಂದ ಮೇಲಿಂದ ಮೇಲೆ ಲೋಕಸಭೆಗೆ ಆಯ್ಕೆಯಾದವರು, ಆಗ ಜಲಸಂಪನ್ಮೂಲ ಸಚಿವರಾಗಿದ್ದವರು, ನಮ್ಮ ಸೀಮೆಯವರೇ. ಗಡಿಯ ಈಚೆ ಬಂದು ನೆಲೆಸಿದ ಕನ್ನಡ ಮಕ್ಕಳಿಗೆ ಇದೊಂದು ಸಂತೋಷದ ಸಂಗತಿ. ಮಸೂದೆ ಲೋಕಸಭೆಯಲ್ಲಿ ಡಿಸೆಂಬರ್ 15ಕ್ಕೆ, ರಾಜ್ಯಸಭೆಯಲ್ಲಿ ಡಿಸೆಂಬರ್ 20ಕ್ಕೆ ಅಂಗೀಕಾರವಾಯಿತು. ರಾಜ್ಯ ಶಾಸನಸಭೆಗಳ ಸಮ್ಮತಿಯ ನಂತರ 1989ರ ಮಾರ್ಚ್ 28ರಂದು ರಾಷ್ಟ್ರಪತಿ ಆರ್. ವೆಂಕಟರಾಮನ್ ಅವರ ಅಂಕಿತ ಬಿತ್ತು. ಕಾಯಿದೆಯಲ್ಲಿ ಇರುವುದು ಎರಡೇ ಕಲಮುಗಳು. ಮೊದಲನೆಯದು ಅದರ ಹೆಸರು. ಎರಡನೆಯದು, ಇಪ್ಪತ್ತೊಂದು ಎಂಬಲ್ಲಿ ಹದಿನೆಂಟು ಎಂದು ಓದಿಕೊಳ್ಳತಕ್ಕದ್ದು ಎಂಬ ಸಾಲು.

ಇನ್ನು ಕಾರಣಗಳ ಹೇಳಿಕೆಯ ವಿಚಾರ. ನಮ್ಮ ಮಟ್ಟಿಗೆ ಪಾಠದ ಜೀವವೇ ಇದು. ಒಂದು ಪುಟವನ್ನೂ ತುಂಬದ ಆ ಹೇಳಿಕೆಯ ತಾತ್ಪರ್ಯ ಹೀಗಿದೆ: ಅನೇಕ ದೇಶಗಳು 18ನ್ನು ಮತದಾನದ ವಯಸ್ಸೆಂದು ಇಟ್ಟುಕೊಂಡಿವೆ, ನಮ್ಮಲ್ಲಿಯೂ ಕೆಲವು ರಾಜ್ಯ ಸರ್ಕಾರಗಳು ಸ್ಥಳೀಯ ಸಂಸ್ಥೆಗಳ ಚುನಾವಣೆಗೆ ಅದನ್ನೇ ಒಪ್ಪಿವೆ, ಇಂದಿನ ಯುವಕರು ಅಕ್ಷರಸ್ಥರು, ತಿಳಿವಳಿಕೆಯುಳ್ಳವರು, ರಾಜಕೀಯ ಪ್ರಜ್ಞೆಯುಳ್ಳವರು, ಪ್ರಾತಿನಿಧ್ಯವಿಲ್ಲದ ಈ ಯುವಜನ ತಮ್ಮ ಭಾವನೆಗಳನ್ನು ಹೊರಹಾಕಿ ರಾಜಕೀಯದಲ್ಲಿ ಪಾಲ್ಗೊಳ್ಳಲು ಇದರಿಂದ ಅವಕಾಶವಾಗುತ್ತದೆ.

ಅಧ್ಯಾಪಕಿ ಒಂದೊಂದು ಕಾರಣವನ್ನೂ ಹಲಗೆಯ ಮೇಲೆ ಬರೆದು, "ಇದು ಖರೇ ಕಾರಣ ಹೌದೋ ಅಲ್ಲೋ?" ಎಂದು ಕೇಳಿದರು. ಅಕ್ಷರಸ್ಥರು ಎಂಬ ಕಾರಣ ಬಂದಾಗ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. "ನಮ್ಮ ಮುತ್ತಜ್ಜಿಗಿ ಓದಾಕ ಬರತಿರಲಿಲ್ಲ ಅಂತ ಅಜ್ಜ ಹೇಳ್ತಾನ. ಆಕಿ ಮೊದಲನೇ ಚುನಾವಣಿಗೇ ಓಟು ಹಾಕ್ಯಾಳ. ಓದು ಬರದಿದ್ರೂ ಓಟು ಇತ್ತು ಅಂದ್ರ, ಓದು ಬರ್ತದ ಅಂತ ಓಟು ಕೊಡೂದು ಹ್ಯಾಂಗ ಕಾರಣ ಆಗ್ತದ?"

ವಾಚಕರು ಈ ಪ್ರಶ್ನೆಯ ಬೆಲೆಯನ್ನು ತೂಗಿ ನೋಡಬೇಕು. ಬ್ರಿಟಿಷರ ಕಾಲದಲ್ಲಿ ಮತದಾನ ಆಸ್ತಿ, ತೆರಿಗೆ, ವಿದ್ಯೆಗಳನ್ನು ಅವಲಂಬಿಸಿತ್ತು. ಅದೆಲ್ಲವನ್ನೂ ತೆಗೆದುಹಾಕಿ ವಯಸ್ಸೊಂದನ್ನೇ ಅರ್ಹತೆಯಾಗಿ ಉಳಿಸಿದ್ದು ನಮ್ಮ ಸಂವಿಧಾನ ಸಭೆಯ ದೊಡ್ಡ ಕೆಲಸ. 1951ರ ಜನಗಣತಿಯಲ್ಲಿ ಅಕ್ಷರಸ್ಥರು ನೂರಕ್ಕೆ ಸುಮಾರು 18 ಮಂದಿ ಮಾತ್ರ. ಆದರೂ 1951-52ರ ಚುನಾವಣೆಯ ಪಟ್ಟಿಯಲ್ಲಿ 17 ಕೋಟಿಗೂ ಮಿಕ್ಕಿ ಹೆಸರುಗಳಿದ್ದವು. ಓದಲು ಬಾರದವರಿಗಾಗಿ ಒಬ್ಬೊಬ್ಬ ಉಮೇದುವಾರನಿಗೂ ಬೇರೆ ಬೇರೆ ಪೆಟ್ಟಿಗೆಯಿಟ್ಟು, ಅದರ ಮೇಲೆ ಗುರುತಿನ ಚಿತ್ರ ಅಂಟಿಸಿದ್ದರು. ಅಕ್ಷರ ಬಾರದವರೂ ಪ್ರಜೆಗಳೇ ಎಂದು 1950ರಲ್ಲಿ ಒಪ್ಪಿದ ದೇಶ, 1988ರಲ್ಲಿ ಯುವಕರಿಗೆ ಮತ ಕೊಡುವಾಗ ಅವರು ಅಕ್ಷರಸ್ಥರು ಎಂಬ ಸಮರ್ಥನೆ ಕೊಟ್ಟಿತು. ಉದ್ದೇಶ ಒಳ್ಳೆಯದೇ, ಕಾರಣ ಮಾತ್ರ ಮೂಲ ತತ್ತ್ವಕ್ಕೆ ಹೊಂದುವುದಿಲ್ಲ. ಕೆಲಸವಿಲ್ಲದೆ, ಶಾಲೆಯಿಲ್ಲದೆ ಹೊಲದಲ್ಲಿ ದುಡಿಯುತ್ತಿದ್ದ ಹತ್ತೊಂಬತ್ತರ ಹುಡುಗನಿಗೂ ಅದೇ ಕಾಯಿದೆಯಿಂದ ಮತ ಬಂತು. ಹೇಳಿಕೆಯಲ್ಲಿ ಅವನ ಮಾತೇ ಇಲ್ಲ. ಹತ್ತನೆಯ ತರಗತಿಯ ಹುಡುಗಿ ಇಷ್ಟನ್ನು ಕಂಡುಕೊಂಡಿದ್ದು ಯಾರ ಭಾಷಣದಿಂದಲೂ ಅಲ್ಲ, ಕಾಗದವನ್ನು ಓದಿ.

ಆ ಮುತ್ತಜ್ಜಿಯ ಸಂಗತಿ ಇನ್ನೊಂದು ನೆನಪನ್ನೂ ತಂದಿತು. 1952ರಲ್ಲಿ ಕಲಬುರ್ಗಿಯೂ ಔರಂಗಾಬಾದೂ ಹೈದರಾಬಾದ್ ಸಂಸ್ಥಾನದ ನೆಲವಾಗಿ ಒಂದೇ ವಿಧಾನಸಭೆಗೆ ಸದಸ್ಯರನ್ನು ಕಳಿಸಿದವು. ಧಾರವಾಡ, ಬೆಳಗಾವಿ, ನಾಸಿಕಗಳು ಮುಂಬಯಿ ವಿಧಾನಸಭೆಗೆ ಕಳಿಸಿದವು. 1956ರವರೆಗೂ ಹಾಗೆಯೇ. ಇಂದು ಈ ಎರಡು ಊರುಗಳಲ್ಲಿ ನಾವು ಹೊರಗಿನವರೆಂದು ಕೆಲವೊಮ್ಮೆ ಅಳುಕುವುದುಂಟು. ನಮ್ಮ ಅಜ್ಜಂದಿರು ಇಲ್ಲಿಯವರ ಅಜ್ಜಂದಿರೊಡನೆ ಒಂದೇ ಸಭೆಗೆ ಮತ ಹಾಕಿದವರು ಎಂಬುದನ್ನು ಮಕ್ಕಳಿಗೆ ತಿಳಿಸುವುದು ಒಳ್ಳೆಯದು.

"ಅನೇಕ ದೇಶಗಳು" ಎಂಬ ಮಾತಿಗೂ ಮಕ್ಕಳು ತಕರಾರು ಎತ್ತಿದರು. ಯಾವ ದೇಶಗಳು? ಹೇಳಿಕೆಯಲ್ಲಿ ಒಂದರ ಹೆಸರೂ ಇಲ್ಲ. ನಾವು ಕಚೇರಿಯಲ್ಲಿ "ಅನೇಕ ಕಚೇರಿಗಳಲ್ಲಿ ಹೀಗಿದೆ" ಎಂದು ಷರಾ ಬರೆದು ಕಳಿಸಿದರೆ ಸೆಕ್ಷನ್ ಆಫೀಸರು ಅದೇ ಗಳಿಗೆಯಲ್ಲಿ ಹಿಂದಕ್ಕೆ ಕಳಿಸುತ್ತಾರೆ. ಬ್ರಿಟನ್ನು 1969ರ ಕಾಯಿದೆಯಿಂದ 18ಕ್ಕೆ ಇಳಿಸಿತ್ತು. ಅಮೆರಿಕ 1971ರಲ್ಲಿ ತನ್ನ ಸಂವಿಧಾನದ 26ನೆಯ ತಿದ್ದುಪಡಿಯಿಂದ ಇಳಿಸಿತು. ಅಲ್ಲಿ ವಿಯೆಟ್ನಾಂ ಯುದ್ಧ ನಡೆದಿತ್ತು. ಹದಿನೆಂಟಕ್ಕೆ ಬಂದೂಕು ಹಿಡಿಸುವ ಸರ್ಕಾರ ಹದಿನೆಂಟಕ್ಕೆ ಮತವನ್ನೇಕೆ ಕೊಡುವುದಿಲ್ಲ ಎಂಬುದೇ ಅಲ್ಲಿಯ ವಾದ. ಅಲ್ಲಿಯ ಶಿಕ್ಷಕರು ರಾಷ್ಟ್ರೀಯ ಪತ್ರಾಗಾರದ ಕಾಗದಗಳ ನಕಲುಗಳನ್ನೇ ಮಕ್ಕಳ ಕೈಗೆ ಕೊಟ್ಟು ಇಂಥ ವಿಷಯಗಳನ್ನು ಕಲಿಸುವ ಪದ್ಧತಿಯೂ ಬೆಳೆದಿದೆ. ನಮ್ಮ ಹೇಳಿಕೆಯಲ್ಲಿ ಸಿಪಾಯಿಯ ಮಾತಿಲ್ಲ. ನಮ್ಮ ಸೈನ್ಯಕ್ಕೂ ಹದಿನೇಳೂವರೆ ವರ್ಷಕ್ಕೆ ಸೇರಬಹುದು. ನಾಸಿಕ ರೋಡಿನ ಆರ್ಟಿಲರಿ ಸೆಂಟರಿನ ಮುಂದೆ ದಿನವೂ ಓಡಾಡುವ ನಮಗೆ ಆ ಎಳೆಯ ಮುಖಗಳ ಪರಿಚಯವಿದೆ. 1989ರ ತನಕ ಅಂಥವರು ಗಡಿಗೆ ಹೋಗಬಹುದಿತ್ತು, ಮತಗಟ್ಟೆಗೆ ಹೋಗುವಂತಿರಲಿಲ್ಲ.

ಇದಕ್ಕೇ ನಾಲ್ಕನೆಯ ಕಾಗದ. 1875ರ ಆ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಹದಿನೆಂಟು ತುಂಬಿದವನು ಪ್ರಾಯಸ್ಥ. ಅವನು ಹೊಲ ಮಾರಬಹುದು, ಕರಾರಿಗೆ ಸಹಿ ಹಾಕಬಹುದು, ನಮ್ಮಂತೆ ಸರ್ಕಾರಿ ಗುಮಾಸ್ತನೂ ಆಗಬಹುದು. ಅಂದರೆ ಅಪ್ಪನ ಆಸ್ತಿಯನ್ನು ಕಳೆಯುವ ಬುದ್ಧಿ 18ಕ್ಕೆ ಬಂದಿದೆಯೆಂದು ಸರ್ಕಾರ ಒಪ್ಪಿ ನೂರಾ ಹದಿನಾಲ್ಕು ವರ್ಷ ಕಳೆದ ಮೇಲೆ, ಶಾಸಕನನ್ನು ಆರಿಸುವ ಬುದ್ಧಿಯೂ ಬಂದಿದೆಯೆಂದು ಒಪ್ಪಿತು. ಮಕ್ಕಳು ಇಲ್ಲಿ ನಕ್ಕರು. ಆದರೆ ಒಬ್ಬ ಹುಡುಗ ಎದುರು ವಾದ ಹೂಡಿದ್ದು ಮೆಚ್ಚತಕ್ಕದ್ದು. ಹೊಲ ಕಳೆದರೆ ಅವನೊಬ್ಬನಿಗೆ ನಷ್ಟ, ತಪ್ಪು ಮತ ಹಾಕಿದರೆ ಎಲ್ಲರಿಗೂ ನಷ್ಟ, ಆದ್ದರಿಂದ ಮೂರು ವರ್ಷ ತಡೆದದ್ದು ಸರಿಯೇ ಇರಬಹುದು ಎಂದ. ಅಧ್ಯಾಪಕಿ ಅವನನ್ನು ತಿದ್ದಲಿಲ್ಲ, ಅವನ ವಾದವನ್ನೂ ಹಲಗೆಯ ಮೇಲೆ ಬರೆದರು.

ಐದನೆಯ ಕಾಗದ ಎಲ್ಲಕ್ಕಿಂತ ಚಿಕ್ಕದು. ಅಧ್ಯಾಪಕಿಯ ಹುಟ್ಟಿದ ದಿನ ಜೂನ್ 1 ಎಂದು ಅದರಲ್ಲಿದೆ. "ನಮ್ಮ ಅಜ್ಜಂದೂ ಜೂನ್ ಒಂದೇ!" ಎಂದು ಮೂರು ನಾಲ್ಕು ಮಕ್ಕಳು ಕೂಗಿದರು. ಶಾಲೆಗೆ ಸೇರಿಸುವಾಗ ತಂದೆತಾಯಿಗೆ ತಾರೀಖು ಗೊತ್ತಿಲ್ಲದಿದ್ದರೆ ಮಾಸ್ತರರು ಶಾಲೆ ತೆರೆಯುವ ಹೊತ್ತಿನ ಆ ತಾರೀಖನ್ನೇ ಬರೆದುಬಿಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಒಂದು ಇಡೀ ತಲೆಮಾರು ಜೂನ್ 1ರಂದೇ ಹುಟ್ಟಿದೆ. ಅಧ್ಯಾಪಕಿ ಹೇಳಿದ್ದು ಇಷ್ಟೇ: "ಕಾಗದದೊಳಗ ಇದ್ದದ್ದೆಲ್ಲ ಖರೇ ಅಂತ ತಿಳೀಬ್ಯಾಡ್ರಿ. ಯಾರು ಬರದ್ರು, ಯಾಕ ಬರದ್ರು ಅಂತ ಕೇಳ್ರಿ." ಮೂಲ ದಾಖಲೆಗಳಿಂದ ಕಲಿಸುವವರು ಅನೇಕರು ದಾಖಲೆಯನ್ನೇ ವೇದವಾಕ್ಯ ಮಾಡಿಬಿಡುವ ಅಪಾಯವಿದೆ. ಈ ಒಂದು ಹಾಳೆಯಿಂದ ಆ ತಾಯಿ ಅದನ್ನು ತಪ್ಪಿಸಿದರು.

ಇಷ್ಟು ಹೊಗಳಿದ ಮೇಲೆ ಕೊರತೆಗಳನ್ನೂ ಹೇಳಬೇಕು. ಮೊದಲನೆಯದಾಗಿ, ಐದನೆಯದನ್ನು ಬಿಟ್ಟರೆ ಮೇಜಿನ ಮೇಲಿದ್ದವೆಲ್ಲ ಸರ್ಕಾರದ ಕಾಗದಗಳೇ. ಕೇಳಿದವರ ಕಾಗದ ಒಂದೂ ಇರಲಿಲ್ಲ. ಜಯಪ್ರಕಾಶ ನಾರಾಯಣರು ನೇಮಿಸಿದ, ನ್ಯಾಯಮೂರ್ತಿ ವಿ. ಎಂ. ತಾರ್ಕುಂಡೆಯವರ ಅಧ್ಯಕ್ಷತೆಯ ಸಮಿತಿ 1975ರಲ್ಲಿಯೇ ಮತದಾನದ ವಯಸ್ಸನ್ನು 18ಕ್ಕೆ ಇಳಿಸಬೇಕೆಂದು ಹೇಳಿತ್ತು. ಅದನ್ನು ಸೇರಿಸಿದ್ದರೆ ಸರ್ಕಾರ ಕೊಟ್ಟಿತು ಎಂಬ ನಾಸಿಕದ ಪಾಠದ ಕ್ರಿಯಾಪದವೇ ಅಲುಗಾಡುತ್ತಿತ್ತು.

ಎರಡನೆಯದಾಗಿ, "ಕೆಲವು ರಾಜ್ಯ ಸರ್ಕಾರಗಳು" ಎಂಬಲ್ಲಿ ನಮ್ಮ ಕರ್ನಾಟಕವೇ ಇದೆ ಎಂಬುದು ಪಾಠದಲ್ಲಿ ಬರಲಿಲ್ಲ. ರಾಮಕೃಷ್ಣ ಹೆಗಡೆಯವರ ಸರ್ಕಾರ, ಅಬ್ದುಲ್ ನಜೀರ್ ಸಾಬರ ಮುತುವರ್ಜಿಯಿಂದ ತಂದ 1983ರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತಿ ಕಾಯಿದೆ 18 ತುಂಬಿದವರಿಗೆ ಮತ ಕೊಟ್ಟಿತ್ತು, ಮಹಿಳೆಯರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟಿತ್ತು. 1987ರ ಜನವರಿಯಲ್ಲಿ ಅದರಂತೆ ಚುನಾವಣೆ ನಡೆಯಿತು. ಆಗ ನಾವು ಆರೇಳು ವರ್ಷದವರು. ಹತ್ತೊಂಬತ್ತರ ನಮ್ಮ ಕಾಕಾ ಬೆರಳಿನ ಮಸಿಯನ್ನು ಓಣಿಯಲ್ಲೆಲ್ಲ ತೋರಿಸಿಕೊಂಡು ಬಂದದ್ದು ನೆನಪಿದೆ. ಆ ವರ್ಷ ಲೋಕಸಭೆಗೆ ಚುನಾವಣೆ ನಡೆದಿದ್ದರೆ ಅದೇ ಕಾಕಾ ಮನೆಯಲ್ಲಿ ಕೂಡಬೇಕಾಗುತ್ತಿತ್ತು. ಮಂಡಲಕ್ಕೆ ಪ್ರಾಯಸ್ಥ, ದಿಲ್ಲಿಗೆ ಬಾಲಕ!

ಮೂರನೆಯದಾಗಿ, ಅಂಕಿಗಳು ಇರಲಿಲ್ಲ. 1984-85ರಲ್ಲಿ ದೇಶದ ಮತದಾರರು ಸುಮಾರು 40 ಕೋಟಿ, 1989ರ ನವೆಂಬರಿನಲ್ಲಿ ಸುಮಾರು 49.9 ಕೋಟಿ. ಈ ಹೆಚ್ಚಳವೆಲ್ಲ ವಯಸ್ಸು ಇಳಿಸಿದ್ದರಿಂದ ಬಂದದ್ದಲ್ಲ, ಐದು ವರ್ಷದ ಜನಸಂಖ್ಯೆಯ ಬೆಳವಣಿಗೆಯೂ ಅದರಲ್ಲಿದೆ. ಎರಡನ್ನೂ ಬೇರ್ಪಡಿಸುವುದು ಹೇಗೆಂದು ಕೇಳಿದ್ದರೆ ಗಣಿತದಲ್ಲಿ ಆಸಕ್ತಿಯಿರುವ ಮಕ್ಕಳಿಗೂ ಕೆಲಸ ಸಿಗುತ್ತಿತ್ತು. ನಾಲ್ಕನೆಯದಾಗಿ, ಕಾಗದಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಸಂವಿಧಾನದ ಕನ್ನಡ ಅನುವಾದವಿದೆ, ಮರಾಠಿಯದೂ ಇದೆ. ಮೂರನ್ನೂ ಜೊತೆಗಿಟ್ಟಿದ್ದರೆ ನಮ್ಮ ಮಕ್ಕಳಿಗೆ ಮನೆಯ ಭಾಷೆ, ಶಾಲೆಯ ಭಾಷೆ ಎರಡೂ ನೆರವಿಗೆ ಬರುತ್ತಿದ್ದವು.

ಕೊನೆಯ ಕೊರತೆ ಎಲ್ಲಕ್ಕಿಂತ ದೊಡ್ಡದು, ಮತ್ತು ಅದು ಆ ಅಧ್ಯಾಪಕಿಯದಲ್ಲ, ನಮ್ಮದು. ಮೇಜಿನ ಮೇಲೆ ಆರನೆಯ ಕಾಗದವೊಂದು ಇರಬೇಕಿತ್ತು: ಮತದಾರರ ಪಟ್ಟಿಯ ಪುಟ. ಸಂವಿಧಾನ ವಯಸ್ಸನ್ನು ಹೇಳುತ್ತದೆ, ಮತಗಟ್ಟೆಯಲ್ಲಿ ನೋಡುವುದು ಪಟ್ಟಿಯನ್ನು. 1951-52ರಲ್ಲಿ ಸುಮಾರು 28 ಲಕ್ಷ ಹೆಂಗಸರು ತಮ್ಮ ಹೆಸರು ಹೇಳದೆ, ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದರಿಂದ ಪಟ್ಟಿಯಿಂದ ಬಿಟ್ಟುಹೋದರು. ವಯಸ್ಸಿತ್ತು, ಹಕ್ಕಿತ್ತು, ಹೆಸರಿರಲಿಲ್ಲ.

ಪಾಠ ಮುಗಿದ ಮೇಲೆ ಹಾಸ್ಟೆಲಿನ ದಾರಿಯಲ್ಲಿ ಮಗಳಿಗೆ ಇದನ್ನು ಹೇಳುತ್ತಿದ್ದೆವು. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, "ಪುಸ್ತಕದಾಗ ಬರದದ್ದು ಖರೇನ ಐತಿ ಅಪ್ಪಾ. ಆದ್ರ ನನ್ನ ಹೆಸರೂ ಯಾವ ಪಟ್ಟಿಯೊಳಗೂ ಇಲ್ಲಲ್ಲ," ಎಂದಳು.

ಅವಳಿಗೆ ಹದಿನೆಂಟು ತುಂಬಿದ್ದು 2023ರ ಡಿಸೆಂಬರಿನಲ್ಲಿ. 2024ರ ಮೇ 20ರಂದು ನಾಸಿಕದಲ್ಲಿ ಲೋಕಸಭೆಗೆ, ನವೆಂಬರ್ 20ರಂದು ರಾಜ್ಯದಲ್ಲೆಲ್ಲ ವಿಧಾನಸಭೆಗೆ ಮತದಾನವಾಯಿತು. ಎರಡಕ್ಕೂ ಅವಳು ಮತ ಹಾಕಲಿಲ್ಲ. ಕಾರಣ, ನಾವು ನಾಸಿಕಕ್ಕೆ ವರ್ಗವಾಗಿ ಬಂದು ಹನ್ನೊಂದು ವರ್ಷವಾಗಿದ್ದರೂ ನಮ್ಮ ಮತ್ತು ನಮ್ಮ ಮನೆಯವರ ಹೆಸರುಗಳು ಚಿಕ್ಕೋಡಿ ಕಡೆಯ ಹಳ್ಳಿಯ ಪಟ್ಟಿಯಲ್ಲೇ ಇದ್ದವು. ಊರಲ್ಲಿ ಮನೆಯಿದೆ, ಹೆಸರು ಅಲ್ಲಿಯೇ ಇರಲಿ, ಮಗಳದನ್ನೂ ಮುಂದೆ ಅಲ್ಲಿಯೇ ಸೇರಿಸಿದರಾಯಿತು ಎಂದು ನಾವೇ ಹೇಳಿದ್ದೆವು. ಮೇ 7ರಂದು ರಜೆ ಹಾಕಿ ಇಬ್ಬರೂ ಊರಿಗೆ ಹೋಗಿ ಮತ ಹಾಕಿ ಬಂದೆವು. ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ಮಗಳು ನಮ್ಮ ಬೆರಳಿನ ಮಸಿಯನ್ನು ನೋಡಿದಳು. ಆಗ ಏನೂ ಅನ್ನಲಿಲ್ಲ.

ದಿನವೂ ನಿಯಮ ನೋಡಿ ಷರಾ ಬರೆಯುವ ನಾವು ನಮ್ಮ ಮನೆಯ ನಿಯಮವನ್ನು ನೋಡಿರಲಿಲ್ಲ. ನಾಸಿಕಕ್ಕೆ ಮರಳಿ ಬಂದು 1950ರ ಜನಪ್ರಾತಿನಿಧ್ಯ ಕಾಯಿದೆಯನ್ನು ತೆರೆದೆವು. ಒಬ್ಬರ ಹೆಸರು ಒಂದಕ್ಕಿಂತ ಹೆಚ್ಚು ಕ್ಷೇತ್ರಗಳಲ್ಲಿ ಇರುವಂತಿಲ್ಲ ಎನ್ನುತ್ತದೆ 17ನೆಯ ಕಲಂ. ಎಲ್ಲಿ ಸಾಮಾನ್ಯವಾಗಿ ವಾಸವಿದ್ದೀರೋ ಅಲ್ಲಿ ಹೆಸರು ಎನ್ನುತ್ತದೆ 19ನೆಯದು. ಒಂದೂರಿನಲ್ಲಿ ಮನೆಯಿದ್ದ ಮಾತ್ರಕ್ಕೆ ಅಲ್ಲಿಯ ವಾಸಿ ಎನಿಸುವುದಿಲ್ಲ ಎನ್ನುತ್ತದೆ 20ನೆಯದು. ಆ ಕೊನೆಯ ಕಲಂ ನಮ್ಮನ್ನೇ ಕುರಿತು ಬರೆದಂತಿತ್ತು. ನಮ್ಮ ಸಂಘದ ಎಷ್ಟೋ ಮನೆಗಳಲ್ಲಿ ಇದೇ ಕಥೆಯಿರಬಹುದೆಂದು ನಮ್ಮ ಊಹೆ. ಹಿರಿಯರ ಹೆಸರು ಊರಲ್ಲಿ, ಮಕ್ಕಳ ಹೆಸರು ಎಲ್ಲಿಯೂ ಇಲ್ಲ. ಊರಿನ ಅಭಿಮಾನಕ್ಕೆ ನಾವು ತೆರುತ್ತಿರುವ ಬೆಲೆ ಮಕ್ಕಳ ಮತ.

ಈಗ ಹಾದಿ ಹಿಂದಿಗಿಂತ ಸುಲಭವಿದೆ. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ತಪ್ಪಿದರೆ ಒಂದು ವರ್ಷ ಕಾಯಬೇಕಿತ್ತು. 2021ರ ತಿದ್ದುಪಡಿ 2022ರ ಆಗಸ್ಟಿನಲ್ಲಿ ಜಾರಿಗೆ ಬಂದಮೇಲೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳ ಮೊದಲ ದಿನಗಳೆಂದು ನಾಲ್ಕು ತಾರೀಖುಗಳಾಗಿವೆ. ಹದಿನೇಳು ದಾಟಿದವರು ಮುಂಗಡವಾಗಿ ಅರ್ಜಿ ಕೊಡಬಹುದು. ಹೊಸ ಹೆಸರಿಗೆ ನಮೂನೆ 6, ವಾಸ ಬದಲಾದವರಿಗೆ ನಮೂನೆ 8. ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿಗಳು ತಂದೆತಾಯಿಯ ಮನೆಯ ವಿಳಾಸದಲ್ಲಾಗಲಿ ಹಾಸ್ಟೆಲಿನ ವಿಳಾಸದಲ್ಲಾಗಲಿ, ಒಂದು ಕಡೆ ಹೆಸರು ಸೇರಿಸಬಹುದು. ನಾವಿಬ್ಬರೂ ನಮೂನೆ 8ನ್ನು ಕೊಟ್ಟಿದ್ದೇವೆ, ಮಗಳು ಸಂಭಾಜಿನಗರದ ವಿಳಾಸದಿಂದ ನಮೂನೆ 6ನ್ನು ಕೊಟ್ಟಿದ್ದಾಳೆ.

ಎರಡು ಪಾಠಗಳಲ್ಲಿ ಯಾವುದು ಉತ್ತಮವೆಂದು ಇನ್ನು ಬೇರೆ ಹೇಳಬೇಕಿಲ್ಲ. ನಾಸಿಕದ ತರುಣ ಮಿತ್ರರು ಇದನ್ನು ಓದಿ ಬೇಸರಪಡಬಾರದೆಂದು ವಿನಂತಿ. ಅವರ ಕಂಠಕ್ಕೆ ಈ ಆರು ಕಾಗದಗಳು ಜೊತೆಯಾದರೆ ನಮ್ಮ ಮಕ್ಕಳು ಪುಣ್ಯವಂತರು. ಸಂಭಾಜಿನಗರದ ಅಧ್ಯಾಪಕಿ ತಮ್ಮ ಪ್ರತಿಗಳನ್ನು ಕೊಡಲು ಒಪ್ಪಿದ್ದಾರೆ. ಮುಂದಿನ ತಿಂಗಳ ಎರಡನೆಯ ರವಿವಾರ ನಾಸಿಕದ ಮಕ್ಕಳ ವರ್ಗದಲ್ಲಿ ಅವನ್ನು ಓದಲಾಗುವುದು. ತಾರ್ಕುಂಡೆ ಸಮಿತಿಯ ವರದಿ, 1983ರ ಕರ್ನಾಟಕ ಕಾಯಿದೆ, ಹಳೆಯ ಮತದಾರರ ಪಟ್ಟಿಯ ಪುಟ ಇವುಗಳಲ್ಲಿ ಯಾವುದಾದರೂ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತರಬೇಕು. ಹದಿನೇಳು ದಾಟಿದ ಮಕ್ಕಳಿರುವ ಪಾಲಕರು ಮಕ್ಕಳ ಜನ್ಮ ದಾಖಲೆಯನ್ನೂ ಮನೆಯ ವಿಳಾಸದ ದಾಖಲೆಯನ್ನೂ ಜೊತೆಗೆ ತರಲಿ. ನಮೂನೆಗಳನ್ನು ನಾವು ತಂದಿರುತ್ತೇವೆ. ತುಂಬಿಕೊಡುವುದು ಹೇಗೂ ನಮ್ಮ ವೃತ್ತಿ.